ಗರ್ಭಾವಸ್ಥೆಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ

ಗರ್ಭಾವಸ್ಥೆಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಎಂಬುದು ಗರ್ಭಿಣಿಯರಲ್ಲಿ ಸ್ತನದ ಕ್ಯಾನ್ಸರ್ ಪತ್ತೆಯಾದಾಗ, ತಾಯಿಯ ಪ್ರಾಣರಕ್ಷಣೆ ಹಾಗೂ ಗರ್ಭಸ್ಥ ಶಿಶುವಿನ ಸುರಕ್ಷತೆ ಎರಡನ್ನೂ ಗಮನದಲ್ಲಿರಿಸಿಕೊಂಡು ಕೈಗೊಳ್ಳುವ ವೈದ್ಯಕೀಯ ಕ್ರಮಗಳ ಒಟ್ಟು ಹೆಸರು. ಇಂತಹ ಸಂದರ್ಭದಲ್ಲಿ ತಾಯಿ ಅಥವಾ ಮಗು, ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳಲು ಸಾಧ್ಯ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಕಳೆದ ಕೆಲವು ದಶಕಗಳ ಅಧ್ಯಯನಗಳು ಈ ನಂಬಿಕೆಯನ್ನು ಬದಲಿಸಿವೆ. ಗರ್ಭದ ಯಾವ ತಿಂಗಳಿನಲ್ಲಿ ಯಾವ ಚಿಕಿತ್ಸೆ ನೀಡಬಹುದು ಮತ್ತು ಯಾವುದನ್ನು ಹೆರಿಗೆಯ ನಂತರಕ್ಕೆ ಮುಂದೂಡಬೇಕು ಎಂಬ ಕಾಲನಿರ್ಣಯವೇ ಈ ಚಿಕಿತ್ಸೆಯ ತಿರುಳು.

ಗರ್ಭಾವಸ್ಥೆಯಲ್ಲಿ ಅಥವಾ ಹೆರಿಗೆಯಾದ ಒಂದು ವರ್ಷದೊಳಗೆ ಪತ್ತೆಯಾಗುವ ಸ್ತನ ಕ್ಯಾನ್ಸರನ್ನು ವೈದ್ಯಕೀಯ ಸಾಹಿತ್ಯದಲ್ಲಿ ಸಾಮಾನ್ಯವಾಗಿ ಗರ್ಭಸಂಬಂಧಿ ಸ್ತನ ಕ್ಯಾನ್ಸರ್ ಎಂದು ಕರೆಯಲಾಗುತ್ತದೆ. ಈ ಲೇಖನವು ಮುಖ್ಯವಾಗಿ ಗರ್ಭಾವಸ್ಥೆಯಲ್ಲಿಯೇ ಪತ್ತೆಯಾಗುವ ರೋಗದ ಚಿಕಿತ್ಸೆಗೆ ಸಂಬಂಧಿಸಿದೆ.

ವ್ಯಾಪ್ತಿ

ಗರ್ಭಾವಸ್ಥೆಯಲ್ಲಿ ಕಂಡುಬರುವ ಕ್ಯಾನ್ಸರ್‌ಗಳ ಪೈಕಿ ಸ್ತನ ಕ್ಯಾನ್ಸರ್ ಅತ್ಯಂತ ಸಾಮಾನ್ಯವಾದವುಗಳಲ್ಲೊಂದು. ಸುಮಾರು 3,000 ಗರ್ಭಧಾರಣೆಗಳಿಗೆ ಒಂದರಂತೆ ಇದು ಕಾಣಿಸಿಕೊಳ್ಳುತ್ತದೆ ಎಂಬ ಅಂದಾಜು ವ್ಯಾಪಕವಾಗಿ ಬಳಕೆಯಲ್ಲಿದೆ. ರೋಗಿಗಳಲ್ಲಿ ಹೆಚ್ಚಿನವರು 30ರಿಂದ 40 ವರ್ಷದೊಳಗಿನವರು. ವಯಸ್ಸು ಹೆಚ್ಚಿದಂತೆ ಸ್ತನ ಕ್ಯಾನ್ಸರ್‌ನ ಸಾಧ್ಯತೆಯೂ ಹೆಚ್ಚುತ್ತದೆ. ಆದ್ದರಿಂದ ತಡವಾಗಿ ತಾಯಿಯಾಗುವವರ ಸಂಖ್ಯೆ ಏರಿದಂತೆ ಇಂತಹ ಪ್ರಕರಣಗಳೂ ಏರುವ ನಿರೀಕ್ಷೆಯಿದೆ. ಭಾರತದಲ್ಲಿ ಮಹಿಳೆಯರನ್ನು ಬಾಧಿಸುವ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಇಲ್ಲಿ ರೋಗಿಗಳ ಸರಾಸರಿ ವಯಸ್ಸು ಕಡಿಮೆ.

ಇತಿಹಾಸ

ಗರ್ಭಾವಸ್ಥೆಯಲ್ಲಿ ಬರುವ ಸ್ತನ ಕ್ಯಾನ್ಸರ್ ಗುಣವಾಗದ ರೋಗ ಎಂಬ ಅಭಿಪ್ರಾಯ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಪ್ರಬಲವಾಗಿತ್ತು. ನ್ಯೂಯಾರ್ಕಿನ ವೈದ್ಯರಾದ ಹ್ಯಾಗೆನ್ಸನ್ ಮತ್ತು ಸ್ಟೌಟ್ ಅವರು 1943ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಯಾವ ಬಗೆಯ ಸ್ತನ ಕ್ಯಾನ್ಸರ್‌ಗಳಿಗೆ ಶಸ್ತ್ರಚಿಕಿತ್ಸೆ ನಿಷ್ಪ್ರಯೋಜಕ ಎಂಬ ಪಟ್ಟಿಯನ್ನು ನೀಡಿದ್ದರು. ಗರ್ಭಿಣಿಯರಲ್ಲಿ ಮತ್ತು ಹಾಲುಣಿಸುವ ತಾಯಂದಿರಲ್ಲಿ ಕಂಡುಬರುವ ಕ್ಯಾನ್ಸರ್ ಆ ಪಟ್ಟಿಯಲ್ಲಿ ಸೇರಿತ್ತು. ಗರ್ಭಕಾಲದ ಹಾರ್ಮೋನುಗಳು ಗಡ್ಡೆಯನ್ನು ಉಲ್ಬಣಗೊಳಿಸುತ್ತವೆ, ಗರ್ಭವನ್ನು ತೆಗೆದರೆ ರೋಗ ತಗ್ಗುತ್ತದೆ ಎಂದು ಊಹಿಸಲಾಗಿತ್ತು. ಮುಂದಿನ ಅಧ್ಯಯನಗಳಲ್ಲಿ ಈ ಊಹೆಗೆ ಆಧಾರ ದೊರೆಯಲಿಲ್ಲ. ಗರ್ಭಪಾತದಿಂದ ಮಾತ್ರವೇ ತಾಯಿಯ ಆಯುಷ್ಯ ಹೆಚ್ಚುವುದಿಲ್ಲವೆಂಬುದು ಸ್ಪಷ್ಟವಾಯಿತು.

ಅಮೆರಿಕದ ಹ್ಯೂಸ್ಟನ್ ನಗರದ ಎಂ. ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರು 1999ರಲ್ಲಿ ಪ್ರಕಟಿಸಿದ ವರದಿ ಈ ಕ್ಷೇತ್ರದ ಮೈಲಿಗಲ್ಲು. ಅಲ್ಲಿ 24 ಗರ್ಭಿಣಿಯರಿಗೆ ಎರಡನೆಯ ಮತ್ತು ಮೂರನೆಯ ತ್ರೈಮಾಸಿಕಗಳಲ್ಲಿ ನಿಗದಿತ ಕ್ರಮದಂತೆ ಕಿಮೊಥೆರಪಿ ನೀಡಲಾಯಿತು. ಶಿಶುಗಳಲ್ಲಿ ಔಷಧದಿಂದಾದ ಅಂಗವೈಕಲ್ಯ ಕಂಡುಬರಲಿಲ್ಲ. ಬಳಿಕ ಜರ್ಮನಿ, ಬೆಲ್ಜಿಯಂ ಮೊದಲಾದ ಯುರೋಪಿನ ದೇಶಗಳ ವೈದ್ಯರು ಒಂದುಗೂಡಿ ಇಂತಹ ರೋಗಿಗಳ ದಾಖಲೆಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸತೊಡಗಿದರು. ವಿರಳವಾದ ರೋಗಸ್ಥಿತಿಯಾದ್ದರಿಂದ ಒಂದೇ ಆಸ್ಪತ್ರೆಯ ಅನುಭವದಿಂದ ಖಚಿತ ತೀರ್ಮಾನಕ್ಕೆ ಬರಲಾಗದು. ಇಂದಿನ ತಿಳಿವಳಿಕೆಯ ಬಹುಭಾಗ ಇಂತಹ ಸಾಮೂಹಿಕ ದಾಖಲೆಗಳಿಂದ ಬಂದುದು.

ರೋಗಪತ್ತೆ

ವಿಳಂಬಕ್ಕೆ ಕಾರಣ

ಗರ್ಭಾವಸ್ಥೆಯಲ್ಲಿ ಸ್ತನಗಳು ಹಿಗ್ಗಿ, ಬಿಗಿಯಾಗಿ, ಗಂಟುಗಂಟಾಗುವುದು ಸಹಜ. ಹೊಸದಾಗಿ ಕಾಣಿಸಿಕೊಂಡ ಗಡ್ಡೆಯನ್ನು ಗರ್ಭಿಣಿಯೂ, ಅನೇಕ ವೇಳೆ ವೈದ್ಯರೂ ಈ ಸಹಜ ಬದಲಾವಣೆಯ ಭಾಗವೆಂದೇ ಭಾವಿಸುತ್ತಾರೆ. ಹೆರಿಗೆಯ ನಂತರವಾದರೆ ಹಾಲು ಕಟ್ಟಿಕೊಂಡಿದೆ ಎಂದು ಬಿಸಿನೀರಿನ ಶಾಖ, ಮನೆಮದ್ದುಗಳಲ್ಲಿ ವಾರಗಳು ಕಳೆದುಹೋಗುತ್ತವೆ. ಇದರಿಂದಾಗಿ ಪತ್ತೆಯಾಗುವ ಹೊತ್ತಿಗೆ ಗಡ್ಡೆ ದೊಡ್ಡದಾಗಿರುವ ಮತ್ತು ಕಂಕುಳಿನ ದುಗ್ಧರಸ ಗ್ರಂಥಿಗಳಿಗೆ ಹರಡಿರುವ ಸಾಧ್ಯತೆ ಹೆಚ್ಚು.

ಗರ್ಭಾವಸ್ಥೆಯಲ್ಲಿ ಪರೀಕ್ಷೆಗೆ ಒಳಪಡುವ ಸ್ತನದ ಗಡ್ಡೆಗಳಲ್ಲಿ ಸುಮಾರು ಶೇಕಡ 80ರಷ್ಟು ಕ್ಯಾನ್ಸರ್ ಅಲ್ಲದವು. ಆದರೆ ಕೈಗೆ ತಾಗುವ ಗಡ್ಡೆ ಎರಡು ವಾರಗಳಿಗಿಂತ ಹೆಚ್ಚು ಕಾಲ ಉಳಿದರೆ ಹೆರಿಗೆಯವರೆಗೆ ಕಾಯದೆ ಪರೀಕ್ಷಿಸಬೇಕೆಂಬುದು ತಜ್ಞರ ಸಲಹೆ. ತೊಟ್ಟಿನಿಂದ ರಕ್ತ ಒಸರುವುದು, ಚರ್ಮ ಕಿತ್ತಳೆ ಸಿಪ್ಪೆಯಂತೆ ದಪ್ಪಗಾಗುವುದು, ತೊಟ್ಟು ಒಳಸೇರುವುದು, ಆ್ಯಂಟಿಬಯಾಟಿಕ್ ಕೊಟ್ಟರೂ ಇಳಿಯದ ಕೆಂಪು ಮತ್ತು ಬಾವು, ಕಂಕುಳಿನಲ್ಲಿ ಗಂಟು ಇವು ಕೂಡ ಎಚ್ಚರಿಕೆಯ ಲಕ್ಷಣಗಳು. ಗರ್ಭಿಣಿಯರ ಮೊದಲ ತಪಾಸಣೆಯಲ್ಲಿಯೇ ಸ್ತನಪರೀಕ್ಷೆಯನ್ನೂ ಮಾಡಿದರೆ ವಿಳಂಬವನ್ನು ತಗ್ಗಿಸಬಹುದು.

ಪರೀಕ್ಷೆಗಳು

ಮೊದಲಿಗೆ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಲಾಗುತ್ತದೆ. ಇದರಲ್ಲಿ ವಿಕಿರಣವಿಲ್ಲ. ಅಗತ್ಯವೆನಿಸಿದರೆ ಹೊಟ್ಟೆಯ ಭಾಗಕ್ಕೆ ಸೀಸದ ಹೊದಿಕೆ ಹಾಕಿ ಮ್ಯಾಮೊಗ್ರಾಂ ತೆಗೆಯಬಹುದು. ಇದರಿಂದ ಭ್ರೂಣವನ್ನು ತಲಪುವ ವಿಕಿರಣ ಅತ್ಯಲ್ಪ. ರೋಗವನ್ನು ಖಚಿತಪಡಿಸುವುದು ಬಯಾಪ್ಸಿ. ಸ್ಥಳೀಯ ಅರಿವಳಿಕೆ ನೀಡಿ, ಸೂಜಿಯ ಮೂಲಕ ಗಡ್ಡೆಯ ಸಣ್ಣ ತುಣುಕನ್ನು ತೆಗೆಯುವ ಈ ಪರೀಕ್ಷೆಯನ್ನು ಗರ್ಭದ ಯಾವ ಹಂತದಲ್ಲಿಯೂ ಮಾಡಬಹುದು. ಗರ್ಭಕಾಲದಲ್ಲಿ ಸಹಜವಾಗಿಯೇ ಸ್ತನದ ಕೋಶಗಳ ಸ್ವರೂಪ ಬದಲಾಗಿರುವುದರಿಂದ, ತುಣುಕನ್ನು ಪರೀಕ್ಷಿಸುವ ರೋಗಶಾಸ್ತ್ರಜ್ಞರಿಗೆ ಆಕೆ ಗರ್ಭಿಣಿ ಎಂಬುದನ್ನು ತಿಳಿಸುವುದು ಅವಶ್ಯ.

ರೋಗ ಎಲ್ಲೆಲ್ಲಿ ಹರಡಿದೆ ಎಂದು ತಿಳಿಯಲು ಹೊಟ್ಟೆಗೆ ಹೊದಿಕೆ ಹಾಕಿ ಎದೆಯ ಎಕ್ಸ್‌-ರೇ, ಯಕೃತ್ತಿಗೆ ಅಲ್ಟ್ರಾಸೌಂಡ್ ಬಳಸಲಾಗುತ್ತದೆ. ಸಿ.ಟಿ. ಸ್ಕ್ಯಾನ್, ಪೆಟ್ ಸ್ಕ್ಯಾನ್ ಮತ್ತು ಮೂಳೆಗಳ ಸ್ಕ್ಯಾನ್‌ಗಳನ್ನು ಸಾಧ್ಯವಾದಷ್ಟೂ ತಪ್ಪಿಸಲಾಗುತ್ತದೆ. ಎಂ.ಆರ್.ಐ. ಸ್ಕ್ಯಾನ್ ಬೇಕಾದಲ್ಲಿ ಗ್ಯಾಡೊಲಿನಿಯಂ ಎಂಬ ವರ್ಣಕವಿಲ್ಲದೆ ಮಾಡಲಾಗುತ್ತದೆ, ಏಕೆಂದರೆ ಅದು ಜರಾಯುವನ್ನು ದಾಟಿ ಭ್ರೂಣವನ್ನು ತಲಪುತ್ತದೆ. ಗಡ್ಡೆಯು ಹಾರ್ಮೋನುಗಳಿಗೆ ಸ್ಪಂದಿಸುವ ಬಗೆಯದೇ, ಅದರಲ್ಲಿ ಹರ್-2 ಎಂಬ ಪ್ರೋಟೀನು ಹೆಚ್ಚಾಗಿದೆಯೇ ಎಂಬುದನ್ನೂ ಪರೀಕ್ಷಿಸಲಾಗುತ್ತದೆ. ಚಿಕಿತ್ಸೆಯ ಆಯ್ಕೆ ಇದನ್ನು ಅವಲಂಬಿಸಿದೆ. ಎಳೆಯ ವಯಸ್ಸಿನ ರೋಗಿಗಳಿಗೆ ಬಿ.ಆರ್.ಸಿ.ಎ. ವಂಶವಾಹಿಗಳ ಪರೀಕ್ಷೆ ಮತ್ತು ಸಲಹೆಯನ್ನೂ ಸೂಚಿಸಲಾಗುತ್ತದೆ.

ಚಿಕಿತ್ಸೆಯ ತತ್ತ್ವ

ಗರ್ಭಿಣಿಯಲ್ಲದ ಸಮವಯಸ್ಕ ರೋಗಿಗೆ ಯಾವ ಚಿಕಿತ್ಸೆ ದೊರೆಯುತ್ತದೆಯೋ ಅದಕ್ಕೆ ಆದಷ್ಟು ಸಮೀಪದ ಚಿಕಿತ್ಸೆ ಗರ್ಭಿಣಿಗೂ ದೊರೆಯಬೇಕು ಎಂಬುದು ಇಂದಿನ ಮೂಲತತ್ತ್ವ. ಮಗುವಿನ ಹಿತಕ್ಕಾಗಿ ಚಿಕಿತ್ಸೆಯ ಕ್ರಮವನ್ನು ಹಿಂದುಮುಂದು ಮಾಡಬಹುದು. ಆದರೆ ಅದನ್ನು ಅರ್ಧಕ್ಕೆ ಇಳಿಸಿದರೆ ತಾಯಿಗೆ ಅಪಾಯ. ಚಿಕಿತ್ಸೆ ಆರಂಭಿಸಲೆಂದು ಹೆರಿಗೆಯನ್ನು ಅನಗತ್ಯವಾಗಿ ಮುಂಚಿತವಾಗಿ ಮಾಡಿಸಿದರೆ ಮಗುವಿಗೆ ಅಪಾಯ. ಕ್ಯಾನ್ಸರ್ ತಜ್ಞರು, ಶಸ್ತ್ರಚಿಕಿತ್ಸಕರು, ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು ಮತ್ತು ನವಜಾತ ಶಿಶುತಜ್ಞರು ಒಟ್ಟಾಗಿ ಕುಳಿತು ಯೋಜನೆ ರೂಪಿಸುವುದು ಅಗತ್ಯವಾಗುವುದು ಇದೇ ಕಾರಣಕ್ಕೆ.

ಗರ್ಭದ ಹಂತಗಳಿಗೆ ಅನುಗುಣವಾದ ಸ್ಥೂಲ ಕ್ರಮ ಹೀಗಿದೆ:

• ಮೊದಲ ತ್ರೈಮಾಸಿಕ: ಶಸ್ತ್ರಚಿಕಿತ್ಸೆ ಸಾಧ್ಯ, ಕಿಮೊಥೆರಪಿ ಸಲ್ಲದು.
• ಎರಡನೆಯ ತ್ರೈಮಾಸಿಕ: ಶಸ್ತ್ರಚಿಕಿತ್ಸೆ ಮತ್ತು ಕಿಮೊಥೆರಪಿ ಎರಡೂ ಸಾಧ್ಯ.
• ಮೂರನೆಯ ತ್ರೈಮಾಸಿಕ: ಎರಡೂ ಸಾಧ್ಯ, ಹೆರಿಗೆಗೆ ಸುಮಾರು ಮೂರು ವಾರ ಮೊದಲು ಕಿಮೊಥೆರಪಿ ನಿಲ್ಲಿಸಬೇಕು.
• ಹೆರಿಗೆಯ ನಂತರ: ವಿಕಿರಣ ಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ಹರ್-2 ಪ್ರೋಟೀನನ್ನು ಗುರಿಯಾಗಿಸುವ ಔಷಧಗಳು.

ಶಸ್ತ್ರಚಿಕಿತ್ಸೆ

ಸ್ತನದ ಶಸ್ತ್ರಚಿಕಿತ್ಸೆಯನ್ನು ಗರ್ಭದ ಎಲ್ಲ ಹಂತಗಳಲ್ಲಿಯೂ ಮಾಡಬಹುದು. ಮೊದಲ ತಿಂಗಳುಗಳಲ್ಲಿ ಗರ್ಭಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚು. ಸುಮಾರು 20ನೆಯ ವಾರದ ನಂತರ ಗರ್ಭಿಣಿ ಅಂಗಾತ ಮಲಗಿದಾಗ ಬೆಳೆದ ಗರ್ಭಕೋಶವು ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಆಕೆಯನ್ನು ಎಡಮಗ್ಗುಲಿಗೆ ತುಸು ವಾಲಿಸಿ ಮಲಗಿಸಲಾಗುತ್ತದೆ.

ಇಡೀ ಸ್ತನವನ್ನು ತೆಗೆಯುವುದೇ ಹಿಂದಿನ ರೂಢಿಯಾಗಿತ್ತು. ಗಡ್ಡೆಯನ್ನು ಮಾತ್ರ ತೆಗೆದು ಸ್ತನವನ್ನು ಉಳಿಸಿದರೆ ನಂತರ ವಿಕಿರಣ ಚಿಕಿತ್ಸೆ ಬೇಕೇಬೇಕು. ಅದನ್ನು ಗರ್ಭಾವಸ್ಥೆಯಲ್ಲಿ ಕೊಡಲಾಗದು ಎಂಬುದು ಅದಕ್ಕೆ ಕಾರಣ. ಆದರೆ ಎರಡನೆಯ ತ್ರೈಮಾಸಿಕದ ನಂತರ ರೋಗ ಪತ್ತೆಯಾದವರಲ್ಲಿ ಶಸ್ತ್ರಚಿಕಿತ್ಸೆ ಮತ್ತು ಕಿಮೊಥೆರಪಿ ಮುಗಿಯುವ ಹೊತ್ತಿಗೆ ಹೆರಿಗೆಯೂ ಆಗಿರುತ್ತದೆ. ಹೀಗಾಗಿ ಅಂತಹವರಲ್ಲಿ ಸ್ತನವನ್ನು ಉಳಿಸುವ ಶಸ್ತ್ರಚಿಕಿತ್ಸೆಯೂ ಸಾಧ್ಯವಿದೆ. ಸ್ತನದ ಪುನರ್ನಿರ್ಮಾಣವನ್ನು ಸಾಮಾನ್ಯವಾಗಿ ಹೆರಿಗೆಯ ನಂತರಕ್ಕೆ ಮುಂದೂಡಲಾಗುತ್ತದೆ.

ಗಡ್ಡೆಯಿಂದ ಹೊರಟ ಕೋಶಗಳು ಕಂಕುಳಿನಲ್ಲಿ ಮೊದಲು ತಲಪುವ ಗ್ರಂಥಿಯನ್ನು ಕಾವಲು ಗ್ರಂಥಿ ಎನ್ನಬಹುದು. ಅದನ್ನು ಗುರುತಿಸಲು ಅತ್ಯಲ್ಪ ಪ್ರಮಾಣದ ಟೆಕ್ನೀಷಿಯಂ ಎಂಬ ವಿಕಿರಣಶೀಲ ದ್ರವ್ಯವನ್ನು ಬಳಸಬಹುದು. ಇದೇ ಉದ್ದೇಶಕ್ಕೆ ಬಳಸುವ ನೀಲಿ ಬಣ್ಣಗಳನ್ನು ಮಾತ್ರ ಗರ್ಭಿಣಿಯರಲ್ಲಿ ಬಳಸುವುದಿಲ್ಲ.

ಕಿಮೊಥೆರಪಿ

ಗರ್ಭದ ಮೊದಲ ಮೂರು ತಿಂಗಳಲ್ಲಿ ಭ್ರೂಣದ ಹೃದಯ, ಮಿದುಳು, ಕೈಕಾಲು ಮೊದಲಾದ ಅಂಗಗಳು ರೂಪುಗೊಳ್ಳುತ್ತವೆ. ಈ ಅವಧಿಯಲ್ಲಿ ಕಿಮೊಥೆರಪಿ ನೀಡಿದರೆ ಗರ್ಭಸ್ರಾವದ ಅಪಾಯವಿದೆ. ಶಿಶುವಿನಲ್ಲಿ ಅಂಗವೈಕಲ್ಯದ ಸಾಧ್ಯತೆ ಶೇಕಡ 10ರಿಂದ 20ರಷ್ಟು ಎಂದು ಅಂದಾಜಿಸಲಾಗಿದೆ. ಅಂಗಗಳ ರಚನೆ ಮುಗಿದ ಮೇಲೆ, ಅಂದರೆ ಸಾಮಾನ್ಯವಾಗಿ 14ನೆಯ ವಾರದ ನಂತರ, ಈ ಸಾಧ್ಯತೆ ಎಲ್ಲ ಗರ್ಭಧಾರಣೆಗಳಲ್ಲಿಯೂ ಇರುವ ಸುಮಾರು ಶೇಕಡ 3ರ ಮಟ್ಟಕ್ಕೆ ಇಳಿಯುತ್ತದೆ. ಅಂಗಗಳು ರೂಪುಗೊಂಡ ನಂತರವೂ ಮಿದುಳು, ಕಣ್ಣು ಮತ್ತು ರಕ್ತೋತ್ಪಾದಕ ಅಂಗಗಳು ಬೆಳೆಯುತ್ತಲೇ ಇರುವುದರಿಂದ ನಿಗಾ ಮುಂದುವರಿಯಬೇಕು.

ಹೆಚ್ಚು ಅನುಭವವಿರುವ ಔಷಧಗಳೆಂದರೆ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್‌ಗಳ ಜೋಡಿ. ಪ್ಯಾಕ್ಲಿಟಾಕ್ಸೆಲ್ ಔಷಧವನ್ನೂ ಈಗ ಬಳಸಲಾಗುತ್ತಿದೆ. ಜರಾಯು ಒಂದು ಬಗೆಯ ಸೋಸುಗದಂತೆ ವರ್ತಿಸುತ್ತದೆ. ಬಬೂನ್ ಕೋತಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ತಾಯಿಯ ರಕ್ತದಲ್ಲಿರುವ ಡಾಕ್ಸೊರುಬಿಸಿನ್‌ನ ಅಲ್ಪಾಂಶ ಮಾತ್ರ ಭ್ರೂಣದ ರಕ್ತವನ್ನು ಸೇರುವುದು ಕಂಡುಬಂದಿದೆ. ಆದರೆ ಎಲ್ಲ ಔಷಧಗಳ ವಿಷಯದಲ್ಲಿಯೂ ಹೀಗಿಲ್ಲ. ಮೆಥೊಟ್ರೆಕ್ಸೇಟ್ ಔಷಧವು ಭ್ರೂಣಕ್ಕೆ ತೀವ್ರ ಹಾನಿಕಾರಕವಾದುದರಿಂದ ಗರ್ಭಾವಸ್ಥೆಯಲ್ಲಿ ನಿಷಿದ್ಧ.

ಔಷಧದ ಪ್ರಮಾಣವನ್ನು ಗರ್ಭಿಣಿಯ ಆ ಹೊತ್ತಿನ ನೈಜ ತೂಕದ ಆಧಾರದ ಮೇಲೆ ನಿರ್ಧರಿಸಲಾಗುತ್ತದೆ. ಮಗುವಿಗೆ ತೊಂದರೆಯಾದೀತೆಂದು ಪ್ರಮಾಣವನ್ನು ಇಳಿಸುವುದು ಸರಿಯಲ್ಲ. ಆಗ ತಾಯಿಯ ರೋಗಕ್ಕೆ ತಕ್ಕ ಚಿಕಿತ್ಸೆ ಸಿಗದು, ಮಗು ಔಷಧಕ್ಕೆ ಒಡ್ಡಿಕೊಳ್ಳುವುದೂ ತಪ್ಪದು. ವಾಕರಿಕೆ ತಡೆಯಲು ಆಂಡಾನ್ಸೆಟ್ರಾನ್‌ನಂತಹ ಔಷಧಗಳನ್ನು ಬಳಸಬಹುದು. ಸ್ಟೆರಾಯ್ಡ್ ಬೇಕಾದಾಗ ಜರಾಯುವಿನಲ್ಲಿಯೇ ಬಹುಮಟ್ಟಿಗೆ ನಿಷ್ಕ್ರಿಯವಾಗುವ ಪ್ರೆಡ್ನಿಸೊಲೋನ್, ಹೈಡ್ರೊಕಾರ್ಟಿಸೋನ್ ಮುಂತಾದವುಗಳಿಗೆ ಆದ್ಯತೆ. ಪ್ರತಿ ಸುತ್ತಿಗೆ ಮೊದಲು ಸ್ಕ್ಯಾನ್ ಮೂಲಕ ಶಿಶುವಿನ ಬೆಳವಣಿಗೆ ಮತ್ತು ಗರ್ಭಜಲದ ಪ್ರಮಾಣವನ್ನು ನೋಡಲಾಗುತ್ತದೆ.

ಕಿಮೊಥೆರಪಿಯಿಂದ ತಾಯಿಯ ರಕ್ತಕಣಗಳು ಕೆಲವು ದಿನ ಕುಸಿಯುತ್ತವೆ. ಆ ಹೊತ್ತಿನಲ್ಲಿ ಹೆರಿಗೆಯಾದರೆ ಸೋಂಕು ಮತ್ತು ರಕ್ತಸ್ರಾವದ ಅಪಾಯವಿದೆ. ಶಿಶುವಿನ ರಕ್ತಕಣಗಳೂ ಕುಸಿದಿರಬಹುದು. ಅದರ ಎಳೆಯ ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಔಷಧವನ್ನು ಹೊರಹಾಕುವ ಶಕ್ತಿ ಕಡಿಮೆ. ಈ ಕಾರಣಗಳಿಂದ ಸುಮಾರು 35ನೆಯ ವಾರದ ನಂತರ ಕಿಮೊಥೆರಪಿ ನೀಡುವುದಿಲ್ಲ.

ಹೆರಿಗೆಯ ನಂತರಕ್ಕೆ ಮುಂದೂಡುವ ಚಿಕಿತ್ಸೆಗಳು

ವಿಕಿರಣ ಚಿಕಿತ್ಸೆ: ಸ್ತನದ ಮೇಲೆ ಹಾಯಿಸಿದ ಕಿರಣಗಳ ಒಂದಂಶ ದೇಹದೊಳಗೆ ಚದರಿ ಗರ್ಭವನ್ನು ತಲಪುತ್ತದೆ. ಗರ್ಭ ಬೆಳೆದು ಎದೆಗೆ ಸಮೀಪವಾದಂತೆ ಈ ಪ್ರಮಾಣ ಹೆಚ್ಚುತ್ತದೆ. ಆದ್ದರಿಂದ ಈ ಚಿಕಿತ್ಸೆಯನ್ನು ಬಹುತೇಕ ಎಲ್ಲ ಸಂದರ್ಭಗಳಲ್ಲಿಯೂ ಹೆರಿಗೆಯ ನಂತರವೇ ನೀಡಲಾಗುತ್ತದೆ.

ಹಾರ್ಮೋನ್ ಚಿಕಿತ್ಸೆ: ಟಮಾಕ್ಸಿಫೆನ್ ಸೇವಿಸಿದ ಗರ್ಭಿಣಿಯರ ಶಿಶುಗಳಲ್ಲಿ ಮುಖ ಮತ್ತು ಜನನಾಂಗಗಳ ವೈಕಲ್ಯ ವರದಿಯಾಗಿದೆ. ಇದನ್ನು ಹೆರಿಗೆಯ ಬಳಿಕ ಆರಂಭಿಸಲಾಗುತ್ತದೆ.

ಹರ್-2 ವಿರೋಧಿ ಔಷಧಗಳು: ಟ್ರಾಸ್ಟುಜುಮಾಬ್ ಔಷಧವು ಭ್ರೂಣದ ಮೂತ್ರಪಿಂಡಗಳ ಮೇಲೆ ಪರಿಣಾಮ ಬೀರಿ ಗರ್ಭಜಲವನ್ನು ಕುಗ್ಗಿಸುತ್ತದೆ. ಗರ್ಭಜಲ ಸಾಲದಿದ್ದರೆ ಶಿಶುವಿನ ಶ್ವಾಸಕೋಶಗಳು ಬೆಳೆಯುವುದಿಲ್ಲ. ಇದರಿಂದ ಶಿಶುಮರಣಗಳೂ ಸಂಭವಿಸಿವೆ. ರೋಗನಿರೋಧಕ ಶಕ್ತಿಯನ್ನು ಪ್ರಚೋದಿಸುವ ಇಮ್ಯುನೊಥೆರಪಿ ಔಷಧಗಳನ್ನೂ ಗರ್ಭಾವಸ್ಥೆಯಲ್ಲಿ ತಪ್ಪಿಸಲಾಗುತ್ತದೆ.

ಹೆರಿಗೆ ಮತ್ತು ಸ್ತನ್ಯಪಾನ

ಸಾಧ್ಯವಾದಲ್ಲಿ 37 ವಾರ ತುಂಬಿದ ನಂತರವೇ ಹೆರಿಗೆಯಾಗಬೇಕೆಂಬುದು ಗುರಿ. ಕ್ಯಾನ್ಸರ್ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಸಹಜ ಹೆರಿಗೆಯಾದವರು ಬೇಗ ಚೇತರಿಸಿಕೊಂಡು ಚಿಕಿತ್ಸೆಯನ್ನು ಶೀಘ್ರವಾಗಿ ಮುಂದುವರಿಸಬಲ್ಲರು. ಕ್ಯಾನ್ಸರ್ ಕೋಶಗಳು ಜರಾಯುವಿನಲ್ಲಿ ಕಂಡುಬರುವುದು ಅತಿ ವಿರಳ. ಆದರೂ ಮಾಸನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸಲಾಗುತ್ತದೆ.

ಕಿಮೊಥೆರಪಿ, ಟಮಾಕ್ಸಿಫೆನ್ ಅಥವಾ ಟ್ರಾಸ್ಟುಜುಮಾಬ್ ಪಡೆಯುತ್ತಿರುವ ತಾಯಿ ಎದೆಹಾಲು ಉಣಿಸುವಂತಿಲ್ಲ, ಏಕೆಂದರೆ ಔಷಧಗಳು ಹಾಲಿನ ಮೂಲಕ ಮಗುವಿನ ದೇಹ ಸೇರಬಹುದು. ಹಾಲಿನ ಮೂಲಕ ಕ್ಯಾನ್ಸರ್ ಮಗುವಿಗೆ ಅಂಟುತ್ತದೆ ಎಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ಚಿಕಿತ್ಸೆ ಪೂರ್ಣಗೊಂಡ ಮೇಲೆ ಮುಂದಿನ ಹೆರಿಗೆಗಳಲ್ಲಿ ಆರೋಗ್ಯವಂತ ಸ್ತನದಿಂದ ಹಾಲುಣಿಸಲು ಅಡ್ಡಿಯಿಲ್ಲ.

ತಾಯಿ ಮತ್ತು ಮಗುವಿನ ಭವಿಷ್ಯ

ಗರ್ಭಾವಸ್ಥೆಯಲ್ಲಿ ರೋಗ ಪತ್ತೆಯಾದ 311 ಮಹಿಳೆಯರನ್ನು ಗರ್ಭಿಣಿಯರಲ್ಲದ 865 ರೋಗಿಗಳೊಂದಿಗೆ ಹೋಲಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವಯಸ್ಸು, ರೋಗದ ಹಂತ ಮತ್ತು ಗಡ್ಡೆಯ ಬಗೆಗಳನ್ನು ಪರಿಗಣಿಸಿ ನೋಡಿದಾಗ ಎರಡು ಗುಂಪುಗಳ ನಡುವೆ ಬದುಕುಳಿಯುವ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಅಂದರೆ ತಾಯಿಯ ಭವಿಷ್ಯವನ್ನು ನಿರ್ಧರಿಸುವುದು ರೋಗದ ಹಂತ, ಗಡ್ಡೆಯ ಸ್ವಭಾವ ಹಾಗೂ ಸಕಾಲಿಕ ಚಿಕಿತ್ಸೆಯೇ ಹೊರತು ಗರ್ಭವಲ್ಲ. ಹೆರಿಗೆಯ ನಂತರದ ವರ್ಷಗಳಲ್ಲಿ ಪತ್ತೆಯಾಗುವ ಕ್ಯಾನ್ಸರ್ ಮಾತ್ರ ಹೆಚ್ಚು ಉಗ್ರವಾಗಿರಬಹುದೆಂದು ಹಲವು ಅಧ್ಯಯನಗಳು ಸೂಚಿಸಿವೆ.

ಮಕ್ಕಳ ಕುರಿತಾದ ಪ್ರಮುಖ ಅಧ್ಯಯನವನ್ನು ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಅಮಾಂಟ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು. ಗರ್ಭಾವಸ್ಥೆಯಲ್ಲಿ ಕ್ಯಾನ್ಸರ್‌ಗೆ ಒಳಗಾಗಿದ್ದ ತಾಯಂದಿರ 129 ಮಕ್ಕಳನ್ನು ಅಷ್ಟೇ ಸಂಖ್ಯೆಯ ಇತರ ಮಕ್ಕಳೊಂದಿಗೆ ಹೋಲಿಸಲಾಯಿತು. ಇವರಲ್ಲಿ 96 ಮಕ್ಕಳು ಗರ್ಭದಲ್ಲಿದ್ದಾಗ ಕಿಮೊಥೆರಪಿಗೆ ಒಡ್ಡಿಕೊಂಡಿದ್ದವರು. ಬುದ್ಧಿಶಕ್ತಿ, ಹೃದಯದ ಕಾರ್ಯ ಮತ್ತು ಸಾಮಾನ್ಯ ಬೆಳವಣಿಗೆಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ಅಂತರವಿರಲಿಲ್ಲ. ಬುದ್ಧಿಬೆಳವಣಿಗೆಯ ಅಂಕಗಳು ಕಡಿಮೆಯಾಗಿದ್ದುದು ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ, ತಾಯಿಗೆ ಕ್ಯಾನ್ಸರ್ ಇರಲಿ ಇಲ್ಲದಿರಲಿ. ಹೆರಿಗೆಯನ್ನು ಮುಂಚಿತವಾಗಿ ಮಾಡಿಸುವುದಕ್ಕಿಂತ, ಗರ್ಭಾವಸ್ಥೆಯಲ್ಲಿಯೇ ಚಿಕಿತ್ಸೆ ನೀಡಿ ತಿಂಗಳು ತುಂಬಲು ಬಿಡುವುದು ಮಗುವಿಗೆ ಹಿತ ಎಂಬ ಅಭಿಪ್ರಾಯಕ್ಕೆ ಈ ಅಧ್ಯಯನ ಬಲ ನೀಡಿತು. ಆ ಮಕ್ಕಳ ಮಧ್ಯಕ ವಯಸ್ಸು ಆಗ 22 ತಿಂಗಳು ಮಾತ್ರವಾಗಿದ್ದುದರಿಂದ ದೀರ್ಘಕಾಲದ ನಿಗಾ ಅಗತ್ಯವೆನಿಸಿದೆ.

ಗರ್ಭಸಮಾಪ್ತಿಯ ಪ್ರಶ್ನೆ

ಗರ್ಭವನ್ನು ಮುಂದುವರಿಸಬೇಕೆ ಎಂಬ ಪ್ರಶ್ನೆ ಮೊದಲ ತಿಂಗಳುಗಳಲ್ಲಿ ರೋಗ ಪತ್ತೆಯಾದವರಿಗೆ ತೀವ್ರವಾಗಿ ಎದುರಾಗುತ್ತದೆ. ಗರ್ಭಸಮಾಪ್ತಿಯಿಂದ ಕ್ಯಾನ್ಸರ್ ಗುಣವಾಗದು. ಆದರೆ ರೋಗ ಉಗ್ರವಾಗಿದ್ದು ಕಿಮೊಥೆರಪಿಯನ್ನು ತಡಮಾಡಲಾಗದ ಸ್ಥಿತಿಯಿದ್ದಾಗ, ಅಥವಾ ರೋಗ ಇತರ ಅಂಗಗಳಿಗೆ ಹರಡಿದ್ದಾಗ, ಅದು ಚಿಕಿತ್ಸೆಯ ದಾರಿಯನ್ನು ಸುಗಮಗೊಳಿಸಬಹುದು.

ಭಾರತದಲ್ಲಿ 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆ ಮತ್ತು ಅದರ 2021ರ ತಿದ್ದುಪಡಿ ಈ ವಿಷಯಕ್ಕೆ ಅನ್ವಯಿಸುತ್ತವೆ. ಗರ್ಭ ಮುಂದುವರಿದರೆ ಮಹಿಳೆಯ ಪ್ರಾಣಕ್ಕೆ ಅಪಾಯ ಅಥವಾ ಆಕೆಯ ದೈಹಿಕ, ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿಯಾಗುವಂತಿದ್ದರೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇರೆಗೆ ಗರ್ಭಸಮಾಪ್ತಿಗೆ ಅವಕಾಶವಿದೆ. ನಿಯಮಗಳಲ್ಲಿ ಹೆಸರಿಸಿದ ಕೆಲವು ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೂ ಅವಕಾಶವಿದೆ. ಮಹಿಳೆಯ ಪ್ರಾಣ ಉಳಿಸಲು ತತ್‌ಕ್ಷಣ ಅಗತ್ಯವಾದಲ್ಲಿ ಈ ಮಿತಿ ಅನ್ವಯಿಸುವುದಿಲ್ಲ. ವಯಸ್ಕ ಮಹಿಳೆಯ ವಿಷಯದಲ್ಲಿ ಕಾನೂನು ಕೇಳುವುದು ಆಕೆಯ ಒಪ್ಪಿಗೆಯನ್ನು ಮಾತ್ರ. ಪತಿಯ ಅಥವಾ ಕುಟುಂಬದ ಒಪ್ಪಿಗೆ ಕಡ್ಡಾಯವಲ್ಲ. ಗರ್ಭವನ್ನು ಉಳಿಸಿಕೊಳ್ಳುವ ನಿರ್ಧಾರವೂ ಹಾಗೆಯೇ ಆಕೆಯದು. ಎರಡೂ ದಾರಿಗಳ ಸಾಧಕ ಬಾಧಕಗಳನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ವಿವರಿಸುವುದು ವೈದ್ಯರ ಕರ್ತವ್ಯ.

ಕರ್ನಾಟಕದಲ್ಲಿ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಕುಟುಂಬಗಳಿಗೆ ಕ್ಯಾನ್ಸರ್ ಚಿಕಿತ್ಸೆಗೂ ನೆರವು ದೊರೆಯುತ್ತದೆ.

ಚೊಚ್ಚಲ ಬಸುರಿಯನ್ನು ಸೀಮಂತದ ನಂತರ ತವರಿಗೆ ಕರೆದೊಯ್ಯುವ ಪದ್ಧತಿ ರಾಜ್ಯದ ಬಹುಭಾಗದಲ್ಲಿದೆ. ಇದು ಚಿಕಿತ್ಸೆಯ ಮುಖ್ಯ ಅವಧಿಯಾದ ಏಳನೆಯ ಅಥವಾ ಒಂಬತ್ತನೆಯ ತಿಂಗಳಿನಲ್ಲಿಯೇ ಆಸ್ಪತ್ರೆ ಬದಲಾಗಲು ಕಾರಣವಾಗಬಹುದು. ಇಂತಹ ಸಂದರ್ಭದಲ್ಲಿ ತಾಯಿ ಕಾರ್ಡಿನೊಂದಿಗೆ ಬಯಾಪ್ಸಿ ವರದಿ, ನೀಡಿದ ಔಷಧಗಳ ಹೆಸರು ಮತ್ತು ಪ್ರಮಾಣ, ಕೊನೆಯ ಸುತ್ತಿನ ದಿನಾಂಕ ಇವುಗಳ ದಾಖಲೆ ಜೊತೆಯಲ್ಲಿರುವುದು ಅವಶ್ಯ. ಕೊನೆಯ ಸುತ್ತಿನ ದಿನಾಂಕ ತಿಳಿಯದೆ ಹೆರಿಗೆಯ ಕಾಲವನ್ನು ಸರಿಯಾಗಿ ಯೋಜಿಸಲಾಗದು.

ಮುಂದಿನ ಗರ್ಭಧಾರಣೆ

ಸ್ತನ ಕ್ಯಾನ್ಸರ್‌ನಿಂದ ಗುಣಮುಖರಾದವರು ಮತ್ತೆ ಗರ್ಭ ಧರಿಸುವುದರಿಂದ ರೋಗ ಮರುಕಳಿಸುವ ಸಾಧ್ಯತೆ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ದೊರೆತಿಲ್ಲ. ಹಾರ್ಮೋನ್ ಚಿಕಿತ್ಸೆಯನ್ನು 18ರಿಂದ 30 ತಿಂಗಳು ಪಡೆದ ಬಳಿಕ, ತಾಯಿಯಾಗಲು ಅದನ್ನು ಎರಡು ವರ್ಷಗಳವರೆಗೆ ನಿಲ್ಲಿಸಿದ ಮಹಿಳೆಯರ ಕುರಿತ ಅಂತರರಾಷ್ಟ್ರೀಯ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹೀಗೆ ನಿಲ್ಲಿಸಿದುದರಿಂದ ಅಲ್ಪಾವಧಿಯಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚಲಿಲ್ಲವೆಂದು ಅದು ತಿಳಿಸಿದೆ. ಕಿಮೊಥೆರಪಿಯಿಂದ ಅಂಡಾಶಯಗಳ ಶಕ್ತಿ ಕುಂದಬಹುದಾದ್ದರಿಂದ ಮುಂದೆ ಮಕ್ಕಳನ್ನು ಬಯಸುವವರು ಈ ವಿಷಯವನ್ನು ತಮ್ಮ ಚಿಕಿತ್ಸಕರೊಂದಿಗೆ ಮೊದಲೇ ಚರ್ಚಿಸುವುದು ಸೂಕ್ತ.